ಉತ್ತರ ಸರಿಯಿದ್ದರೆ ಸಾಲದು, ಕೈಗೆಟುಕಬೇಕು

ವೈದ್ಯಕೀಯ ಪ್ರಶ್ನೋತ್ತರ ತಂತ್ರಾಂಶಗಳು: ಕೊಳ್ಳುವವರೂ ತಯಾರಿಸುವವರೂ ಗಮನಿಸಬೇಕಾದ ಅಂಶಗಳು

ಸರಕೊಂದರ ಯೋಗ್ಯತೆಯು ಕಾರ್ಖಾನೆಯ ತಪಾಸಣೆಯಿಂದಷ್ಟೇ ನಿರ್ಧಾರವಾಗುವುದಿಲ್ಲ. ಬಳಸುವವರ ಕೈಯಲ್ಲಿ ಅದು ಹೇಗೆ ಕೆಲಸ ಮಾಡುತ್ತದೆ ಎಂಬುದೂ ಅಷ್ಟೇ ಮುಖ್ಯ. ಯಂತ್ರೋಪಕರಣ ತಯಾರಕರಿಗೆ ಇದು ಹೊಸ ಮಾತಲ್ಲ. ಆದರೆ ತಂತ್ರಾಂಶ ಕೊಳ್ಳುವಾಗ ಈ ವಿವೇಚನೆ ಹಿಂದೆ ಸರಿಯುವುದುಂಟು. ರೋಗ, ಔಷಧ, ಚಿಕಿತ್ಸೆಗಳ ಬಗೆಗಿನ ಪ್ರಶ್ನೆಗಳಿಗೆ ಉತ್ತರಿಸುವ ಗಣಕ ವ್ಯವಸ್ಥೆಗಳ ಅನುಭವವು ಈ ದೃಷ್ಟಿಯಿಂದ ಪರಿಶೀಲನಾರ್ಹವಾಗಿದೆ.

ಎರಡು ನಿಮಿಷದ ಅವಕಾಶ

ಅಮೆರಿಕದ ಅಯೋವಾ ರಾಜ್ಯದ 103 ಕುಟುಂಬ ವೈದ್ಯರನ್ನು ಕುರಿತ ಅಧ್ಯಯನವೊಂದು 1999ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ರೋಗಿಗಳನ್ನು ನೋಡುವಾಗ ಆ ವೈದ್ಯರಿಗೆ ಎದುರಾದ ಪ್ರಶ್ನೆಗಳು 1,101. ಅವುಗಳಲ್ಲಿ 702 ಪ್ರಶ್ನೆಗಳಿಗೆ ಅವರು ಕೂಡಲೇ ಉತ್ತರ ಹುಡುಕಲು ಹೋಗಲಿಲ್ಲ. ಹುಡುಕಿದಾಗಲೂ ಸರಾಸರಿ ವ್ಯಯಿಸಿದ ಕಾಲ ಎರಡು ನಿಮಿಷಕ್ಕಿಂತ ಕಡಿಮೆ. ವೈದ್ಯಕೀಯ ಪ್ರಬಂಧಗಳ ಕ್ರಮಬದ್ಧ ಶೋಧನೆಗೆ ಕಾರಣವಾದವು ಕೇವಲ ಎರಡು ಪ್ರಶ್ನೆಗಳು. ಬಳಕೆದಾರನಲ್ಲಿ ಎಷ್ಟು ಸಮಯವಿದೆ ಎಂಬುದನ್ನು ಅರಿಯದೆ ರೂಪಿಸಿದ ವ್ಯವಸ್ಥೆ ಎಷ್ಟೇ ವಿಸ್ತಾರವಾಗಿದ್ದರೂ ಮೂಲೆ ಸೇರುತ್ತದೆಂಬುದನ್ನು ಈ ಅಂಕಿಗಳು ಸೂಚಿಸುತ್ತವೆ.

ಅಳೆದು ನೋಡಿದಾಗ

ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಪಬ್‌ಮೆಡ್ 1997ರಿಂದ ಸಾರ್ವಜನಿಕರಿಗೆ ಉಚಿತವಾಗಿ ದೊರೆಯುತ್ತಿದ್ದು, ಮೂರೂವರೆ ಕೋಟಿಗೂ ಹೆಚ್ಚು ಪ್ರಬಂಧಗಳ ವಿವರಗಳನ್ನು ಒಳಗೊಂಡಿದೆ. ಆದರೆ ಅದು ನೀಡುವುದು ಪ್ರಬಂಧಗಳ ಪಟ್ಟಿಯನ್ನೇ ಹೊರತು ನೇರ ಉತ್ತರವನ್ನಲ್ಲ. ಈ ಕೊರತೆ ನೀಗಲು ಸಂಶೋಧಕರು ಮೆಡ್‌ಕ್ಯೂಎ ಎಂಬ ವ್ಯವಸ್ಥೆಯನ್ನು ರೂಪಿಸಿ, ವೈದ್ಯರಿಂದಲೇ ಪರೀಕ್ಷೆ ಮಾಡಿಸಿದರು. 2007ರಲ್ಲಿ ಪ್ರಕಟವಾದ ಈ ಹೋಲಿಕೆಯಲ್ಲಿ ಉತ್ತರದ ಗುಣಮಟ್ಟ, ಬಳಕೆಯ ಸುಲಭತೆ, ತಗಲುವ ಸಮಯ, ಮೌಸ್ ಒತ್ತುವಿಕೆಯಂತಹ ಕ್ರಿಯೆಗಳ ಸಂಖ್ಯೆ ಎಂಬ ನಾಲ್ಕು ಅಳತೆಗಳಿದ್ದವು. ಪಬ್‌ಮೆಡ್ ಹಿಂದುಳಿಯಿತು. ಗುಣಮಟ್ಟ ಮತ್ತು ಸುಲಭತೆಯಲ್ಲಿ ಗೂಗಲ್ ಮುಂದಿದ್ದರೆ, ಸಮಯ ಮತ್ತು ಕ್ರಿಯೆಗಳ ಉಳಿತಾಯದಲ್ಲಿ ಮೆಡ್‌ಕ್ಯೂಎ ಮೇಲುಗೈ ಪಡೆಯಿತು. ಒಂದೇ ಅಳತೆಗೋಲಿನಿಂದ ತೀರ್ಮಾನಕ್ಕೆ ಬರುವುದು ಸಾಧುವಲ್ಲವೆಂಬುದು ಇದರಿಂದ ವಿದಿತವಾಗುತ್ತದೆ.

ಯಂತ್ರಕ್ಕೆ ತಿಳಿದದ್ದು ಬಳಕೆದಾರನಿಗೆ ತಲುಪಿತೆ?

ಸಹಜ ಭಾಷೆಯಲ್ಲಿ ಉತ್ತರಿಸುವ ಕೃತಕ ಬುದ್ಧಿಮತ್ತೆಯ ಮಾದರಿಗಳು ಬಂದ ಮೇಲೆ ಸಮಸ್ಯೆ ಬಗೆಹರಿಯಿತೆಂದು ಹಲವರು ಭಾವಿಸಿದರು. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2025ರಲ್ಲಿ ಹೊರತಂದ ಅಧ್ಯಯನವು ಬೇರೆಯದೇ ಚಿತ್ರ ನೀಡುತ್ತದೆ. ಕಾಯಿಲೆಯ ಹತ್ತು ಸನ್ನಿವೇಶಗಳನ್ನು ನೇರವಾಗಿ ಒಪ್ಪಿಸಿದಾಗ ಮಾದರಿಗಳು ಶೇ. 94.9ರಷ್ಟು ಸಂದರ್ಭಗಳಲ್ಲಿ ಸಂಬಂಧಿತ ಕಾಯಿಲೆಯನ್ನು ಗುರುತಿಸಿದವು. ಬ್ರಿಟನ್ನಿನ 1,298 ಜನಸಾಮಾನ್ಯರು ಪಾಲ್ಗೊಂಡ ಪ್ರಯೋಗದಲ್ಲಿ, ಅವೇ ಮಾದರಿಗಳ ನೆರವು ಪಡೆದವರು ಗುರುತಿಸಿದ್ದು ಶೇ. 34.5ಕ್ಕಿಂತ ಕಡಿಮೆ ಸಂದರ್ಭಗಳಲ್ಲಿ; ತಮ್ಮ ಎಂದಿನ ಮಾರ್ಗಗಳನ್ನು ಅನುಸರಿಸಿದವರಿಗಿಂತ ಇದು ಉತ್ತಮವಾಗಿರಲಿಲ್ಲ. ಜನರು ಅಗತ್ಯ ವಿವರಗಳನ್ನು ಪೂರ್ಣವಾಗಿ ತಿಳಿಸದಿದ್ದುದು, ಉತ್ತರದಲ್ಲಿ ಬೆರೆತಿದ್ದ ಸರಿ-ತಪ್ಪುಗಳನ್ನು ಬೇರ್ಪಡಿಸಲಾಗದಿದ್ದುದು ಇದಕ್ಕೆ ಕಾರಣಗಳಾಗಿದ್ದವು.

ಉದ್ಯಮಿಗಳಿಗೆ ಮಾರ್ಗಸೂಚಿ

ಐಎಸ್‌ಒ 9241-11 ಮಾನದಂಡವು (1998, ಪರಿಷ್ಕರಣೆ 2018) ಬಳಕೆಯೋಗ್ಯತೆಯನ್ನು ಮೂರು ಅಂಶಗಳಿಂದ ಅಳೆಯುತ್ತದೆ: ಪರಿಣಾಮಕಾರಿತ್ವ, ದಕ್ಷತೆ ಮತ್ತು ತೃಪ್ತಿ. ನಿರ್ದಿಷ್ಟ ಬಳಕೆದಾರರು ನಿರ್ದಿಷ್ಟ ಸನ್ನಿವೇಶದಲ್ಲಿ ತಮ್ಮ ಉದ್ದೇಶ ಸಾಧಿಸಬಲ್ಲರೇ ಎಂಬುದೇ ಅದರ ಮೂಲ ಪ್ರಶ್ನೆ. ಔಷಧ ಮಳಿಗೆ, ನರ್ಸಿಂಗ್ ಹೋಂ, ಪ್ರಯೋಗಾಲಯಗಳನ್ನು ನಡೆಸುವವರು ಖರೀದಿಗೆ ಮುನ್ನ ಈ ಕ್ರಮಗಳನ್ನು ಅನುಸರಿಸುವುದು ಸೂಕ್ತ:

• ಮಾರಾಟಗಾರರ ಪ್ರದರ್ಶನವನ್ನಷ್ಟೇ ನಂಬದೆ, ನಿತ್ಯ ಬಳಸಲಿರುವ ಸಿಬ್ಬಂದಿಯಿಂದಲೇ, ಕೆಲಸದ ವೇಳೆಯಲ್ಲಿಯೇ ಪರೀಕ್ಷೆ ಮಾಡಿಸುವುದು.
• ಉತ್ತರ ಮೊದಲೇ ಖಚಿತವಾಗಿ ತಿಳಿದಿರುವ ಹತ್ತು ಪ್ರಶ್ನೆಗಳನ್ನು ಆಯ್ದು, ತಗಲಿದ ಸಮಯವನ್ನೂ ಸಿಬ್ಬಂದಿ ಅಂತಿಮವಾಗಿ ಗ್ರಹಿಸಿದ ಉತ್ತರವನ್ನೂ ದಾಖಲಿಸುವುದು.
• ಮಾಹಿತಿಯ ಮೂಲ ಮತ್ತು ದಿನಾಂಕ ಕಾಣುವುದೇ, ಉತ್ತರ ತಿಳಿಯದಿದ್ದಾಗ ತಂತ್ರಾಂಶವು ಹಾಗೆಂದು ಸ್ಪಷ್ಟವಾಗಿ ಹೇಳುವುದೇ ಎಂಬುದನ್ನು ಪರಿಶೀಲಿಸುವುದು.

ಇಂತಹ ತಂತ್ರಾಂಶ ತಯಾರಿಸುವ ಸಣ್ಣ ಉದ್ದಿಮೆಗಳೂ ಮಾರುಕಟ್ಟೆಗೆ ಬಿಡುವ ಮುನ್ನವೇ ಇದೇ ಪರೀಕ್ಷೆ ನಡೆಸಿದರೆ ಮುಂದಿನ ತಿದ್ದುಪಡಿಯ ವೆಚ್ಚ ತಗ್ಗುತ್ತದೆ. ತಪ್ಪಾಗಿ ಗ್ರಹಿಸಿದ ಔಷಧದ ಪ್ರಮಾಣವು ರೋಗಿಯ ಜೀವಕ್ಕೇ ಎರವಾಗಬಹುದು. ಆದುದರಿಂದ ಅಂತಿಮ ನಿರ್ಧಾರವನ್ನು ಅರ್ಹ ವೈದ್ಯರು ಹಾಗೂ ಔಷಧತಜ್ಞರಿಗೇ ಬಿಟ್ಟು, ತಂತ್ರಾಂಶವನ್ನು ಸಹಾಯಕನ ಸ್ಥಾನದಲ್ಲಿರಿಸಿಕೊಳ್ಳುವುದು ಕ್ಷೇಮಕರ.