ಪೆಟ್ರೋಲ್ ಕಾರಿಗೆ ಗ್ಯಾಸು ಹಾಕಿಸುವ ಮುನ್ನ



ತರಕಾರಿ, ಹೂವು, ಹಾಲು ಸಾಗಿಸಲೆಂದೋ ಮನೆಮಂದಿಯ ಓಡಾಟಕ್ಕೆಂದೋ ಹಳೆಯ ಪೆಟ್ರೋಲ್ ಕಾರು ಕೊಂಡವರು ನಮ್ಮ ಹಳ್ಳಿಗಳಲ್ಲಿ ಈಗ ಅನೇಕರಿದ್ದಾರೆ. ಅವರಲ್ಲಿ ಹಲವರು ಕೇಳುವ ಪ್ರಶ್ನೆ ಒಂದೇ: "ಸ್ವಾಮಿ, ಕಾರಿಗೆ ಗ್ಯಾಸು ಹಾಕಿಸಿದರೆ ಖರ್ಚು ಉಳಿದೀತೇ?" ಕೆಲವರಿಗೆ ಉಳಿಯುತ್ತದೆ, ಕೆಲವರಿಗೆ ಇಲ್ಲ. ಯಾರಿಗೆ ಎಂಬುದು ಪೆನ್ಸಿಲು ಹಿಡಿದು ಅರ್ಧ ಗಂಟೆ ಕುಳಿತರೆ ತಿಳಿಯುವಂಥದು.

ಎಲ್.ಪಿ.ಜಿ. ಎಂದರೆ ಪ್ರೊಪೇನ್ ಮತ್ತು ಬ್ಯೂಟೇನ್ ಎಂಬ ಎರಡು ಅನಿಲಗಳ ಮಿಶ್ರಣ. ಒತ್ತಡದಲ್ಲಿಟ್ಟರೆ ಇದು ನೀರಿನಂತೆ ದ್ರವವಾಗುತ್ತದೆ. ಕಾರಿನಲ್ಲಿ ಇದಕ್ಕೆ ಬೇರೆ ಟ್ಯಾಂಕು ಕೂರಿಸುತ್ತಾರೆ. ಅಲ್ಲಿಂದ ಬಂದ ದ್ರವವನ್ನು ಇಂಜಿನಿನ ಬಿಸಿನೀರಿನ ಶಾಖದಿಂದ ಆವಿ ಮಾಡಿ ಇಂಜಿನಿಗೆ ಬಿಡುವ ಉಪಕರಣವೂ ಇರುತ್ತದೆ. ಆದ್ದರಿಂದ ಸಾಮಾನ್ಯವಾಗಿ ಗಾಡಿ ಪೆಟ್ರೋಲಿನಲ್ಲೇ ಚಾಲೂ ಆಗಿ, ಬಿಸಿಯಾದ ಮೇಲೆ ಗ್ಯಾಸಿಗೆ ಹೊರಳುತ್ತದೆ. ಪೆಟ್ರೋಲ್ ಖರ್ಚು ಪೂರ್ತಿ ನಿಂತುಹೋಗುವುದಿಲ್ಲ.

ಒಂದು ಲೀಟರ್ ಗ್ಯಾಸಿನಲ್ಲಿ ಒಂದು ಲೀಟರ್ ಪೆಟ್ರೋಲಿನಷ್ಟು ಶಕ್ತಿ ಇಲ್ಲ. ಪೆಟ್ರೋಲಿನಲ್ಲಿ ಲೀಟರಿಗೆ 15 ಕಿಲೋಮೀಟರ್ ಓಡುವ ಕಾರು ಗ್ಯಾಸಿನಲ್ಲಿ ಸುಮಾರು 12 ಓಡುತ್ತದೆ. ಅಂದರೆ ಪೆಟ್ರೋಲ್ ದರದ ಐದರಲ್ಲಿ ನಾಲ್ಕು ಪಾಲಿಗಿಂತ ಗ್ಯಾಸಿನ ದರ ಕೆಳಗಿದ್ದರೆ ಮಾತ್ರ ಲಾಭದ ಮಾತು. ಬಂಕಿನ ಹಲಗೆಯ ಮೇಲಿನ ಎರಡು ದರಗಳನ್ನು ನೋಡಿ ಹಿಗ್ಗುವವರು ಈ ಸಂಗತಿಯನ್ನು ಮರೆಯುತ್ತಾರೆ.

ಲೆಕ್ಕಕ್ಕಾಗಿ ಪೆಟ್ರೋಲಿಗೆ 100 ರೂಪಾಯಿ, ಗ್ಯಾಸಿಗೆ 60 ರೂಪಾಯಿ, ಕಿಟ್ಟು ಕೂರಿಸಲು 40,000 ರೂಪಾಯಿ ಎಂದು ಹಿಡಿಯೋಣ. ನಿಮ್ಮ ಊರಿನ ದರ ಬೇರೆ ಇದ್ದೀತು, ಅದನ್ನೇ ಹಾಕಿಕೊಳ್ಳಿರಿ. ಪೆಟ್ರೋಲಿನಲ್ಲಿ ಕಿಲೋಮೀಟರಿಗೆ 6 ರೂಪಾಯಿ 67 ಪೈಸೆ ಬೀಳುತ್ತದೆ, ಗ್ಯಾಸಿನಲ್ಲಿ 5 ರೂಪಾಯಿ. ಉಳಿತಾಯ 1 ರೂಪಾಯಿ 67 ಪೈಸೆ. ಕಿಟ್ಟಿನ ಹಣ ಹಿಂದಿರುಗಲು 24,000 ಕಿಲೋಮೀಟರ್ ಓಡಬೇಕು. ತಿಂಗಳಿಗೆ 1,000 ಕಿಲೋಮೀಟರ್ ಓಡಿಸುವವರಿಗೆ ಎರಡು ವರ್ಷ ಸಾಕು. ಸಂತೆ, ಮದುವೆ, ಆಸ್ಪತ್ರೆ ಎಂದು ತಿಂಗಳಿಗೆ 300 ಕಿಲೋಮೀಟರ್ ಓಡಿಸುವವರಿಗೆ ಆರು ವರ್ಷ ಎಂಟು ತಿಂಗಳು ಬೇಕು. ಹಳೆಯ ಕಾರು ಅಷ್ಟು ದಿನ ಬಾಳೀತೇ ಎಂಬುದನ್ನು ನೀವೇ ಯೋಚಿಸಿರಿ.

ಹಳ್ಳಿಯವರಿಗೆ ಇನ್ನೂ ಒಂದು ಲೆಕ್ಕವಿದೆ, ಅದೇ ಮುಖ್ಯ. ವಾಹನಕ್ಕೆ ಎಲ್.ಪಿ.ಜಿ. ತುಂಬುವ ಬಂಕು ಎಲ್ಲ ಊರುಗಳಲ್ಲೂ ಇಲ್ಲ. ಬಂಕು 40 ಕಿಲೋಮೀಟರ್ ದೂರದಲ್ಲಿದೆ, ಗ್ಯಾಸಿಗೆಂದೇ ಅಲ್ಲಿಗೆ ಹೋಗಿಬರಬೇಕು ಎನ್ನಿರಿ. ಅನಿಲ ಹಿಗ್ಗಲು ಜಾಗ ಬೇಕಾದ್ದರಿಂದ ಟ್ಯಾಂಕನ್ನು ನೂರಕ್ಕೆ 80ರಷ್ಟು ಮಾತ್ರ ತುಂಬುತ್ತಾರೆ. 40 ಲೀಟರಿನ ಟ್ಯಾಂಕಿಗೆ 32 ಲೀಟರ್, ಅದಕ್ಕೆ 1,920 ರೂಪಾಯಿ. ಓಡುವುದು 384 ಕಿಲೋಮೀಟರ್. ಅದರಲ್ಲಿ 80 ಕಿಲೋಮೀಟರ್ ಬಂಕಿನ ದಾರಿಗೇ ಹೋಯಿತು, ನಿಮ್ಮ ಕೆಲಸಕ್ಕೆ ದಕ್ಕಿದ್ದು 304. ಅಷ್ಟನ್ನೇ ಪೆಟ್ರೋಲಿನಲ್ಲಿ ಓಡಿಸಿದ್ದರೆ 2,027 ರೂಪಾಯಿ ಆಗುತ್ತಿತ್ತು. ಇಷ್ಟು ಅಲೆದು ಉಳಿಸಿದ್ದು 107 ರೂಪಾಯಿ! ಬೆಂಗಳೂರಿನ ಆಟೋಗಳಿಗೆ ಗ್ಯಾಸು ಗಿಟ್ಟುವುದು ಅವು ದಿನವಿಡೀ ಓಡುವುದರಿಂದ, ಬಂಕು ಅವುಗಳ ದಾರಿಯಲ್ಲೇ ಇರುವುದರಿಂದ. ದಿನವೂ ಮಾರುಕಟ್ಟೆಗೆ ಹೋಗುವ ನಿಮ್ಮ ದಾರಿಯಲ್ಲೇ ಬಂಕು ಇದ್ದರೆ ನಿಮಗೂ ಗಿಟ್ಟೀತು.

ಹೀಗೆ ಬಂಕು ದೂರವಾದಾಗಲೇ ಕೆಲವರ ಕಣ್ಣು ಅಡಿಗೆಮನೆಯ ಸಿಲಿಂಡರಿನ ಮೇಲೆ ಬೀಳುತ್ತದೆ. ಇದನ್ನು ಖಂಡಿತ ಮಾಡಬಾರದು. ವಾಹನಗಳಲ್ಲಿ ಎಲ್.ಪಿ.ಜಿ. ಬಳಕೆಯ ಬಗ್ಗೆ 2001ರಲ್ಲಿ ಹೊರಟ ಕೇಂದ್ರ ಸರಕಾರದ ಆಜ್ಞೆಯಂತೆ ಇದು ಅಪರಾಧ. ಅದಕ್ಕಿಂತ ಮಿಗಿಲಾಗಿ ಇದು ಜೀವಕ್ಕೆ ಅಪಾಯ. ವಾಹನದ ಟ್ಯಾಂಕಿನಲ್ಲಿ 80 ಪಾಲು ತುಂಬಿದೊಡನೆ ತಾನಾಗಿ ನಿಲ್ಲಿಸುವ ಕವಾಟ, ಒತ್ತಡ ಮೀರಿದರೆ ಬಿಡುಗಡೆ ಮಾಡುವ ಕವಾಟ, ಕೊಳವೆ ತುಂಡಾದರೆ ಹರಿವನ್ನು ತಡೆಯುವ ಕವಾಟ ಇರುತ್ತವೆ. 14.2 ಕಿಲೋ ಗ್ಯಾಸು ಹಿಡಿಯುವ ಅಡಿಗೆ ಸಿಲಿಂಡರನ್ನು ಒಲೆಗಾಗಿ ಮಾಡಿದ್ದಾರೆ, ಓಡುವ ಗಾಡಿಯ ಕುಲುಕಾಟಕ್ಕಲ್ಲ. ಅದರಿಂದ ಕಾರಿನ ಟ್ಯಾಂಕಿಗೆ ಪಂಪು ಹಚ್ಚಿ ಇಳಿಸುವಾಗ ಸೋರಿದರಂತೂ ಕೇಳುವುದೇ ಬೇಡ. ಒಂದು ಪಾಲು ದ್ರವ ಸುಮಾರು 250 ಪಾಲು ಆವಿಯಾಗಿ ಹಬ್ಬುತ್ತದೆ. ಆ ಆವಿ ಗಾಳಿಗಿಂತ ಭಾರ, ಮೇಲೆ ಹಾರಿಹೋಗದೆ ನೆಲ ಹಿಡಿದು ತಗ್ಗಿನಲ್ಲಿ ನಿಲ್ಲುತ್ತದೆ. ದೂರದ ಒಲೆಯೋ ಬೀಡಿಯ ಕಿಡಿಯೋ ಸಾಕು. ಕಾರಿನಲ್ಲಿ ಮಕ್ಕಳೂ ಕೂರುತ್ತಾರೆ.

ಲೆಕ್ಕ ಸರಿಹೊಂದಿ ಹಾಕಿಸುವುದೇ ಆದರೆ, ನಿಮ್ಮ ಕಾರಿನ ಮಾದರಿಗೆ ಮಂಜೂರಾದ ಕಿಟ್ಟನ್ನು ಅಧಿಕೃತ ವರ್ಕ್‌ಶಾಪಿನಲ್ಲೇ ಹಾಕಿಸಿ, ಆರ್.ಟಿ.ಒ. ಕಚೇರಿಯಲ್ಲಿ ಆರ್.ಸಿ. ಪುಸ್ತಕಕ್ಕೆ ಇಂಧನದ ಬದಲಾವಣೆಯನ್ನು ಬರೆಯಿಸಿರಿ. ವಿಮಾ ಕಂಪನಿಗೂ ತಿಳಿಸತಕ್ಕದ್ದು. ಇಲ್ಲವಾದರೆ ಅಪಘಾತವಾದಾಗ ಪರಿಹಾರಕ್ಕೆ ತಕರಾರು ಬಂದೀತು. ಹೊಗೆ ಉಗುಳುವ, ಎಣ್ಣೆ ಕುಡಿಯುವ ಸವೆದ ಇಂಜಿನಿಗೆ ಗ್ಯಾಸು ಹಾಕಿಸುವುದು ನನ್ನ ಅಭಿಪ್ರಾಯದಲ್ಲಿ ದಂಡ. ಒಳ್ಳೆಯ ಇಂಜಿನಿನಲ್ಲೂ ಎಳೆತ ತುಸು ಕಡಿಮೆಯಾಗುತ್ತದೆ, ಏರಿನಲ್ಲಿ ಹೇರು ತುಂಬಿದಾಗ ಇದು ಗೊತ್ತಾಗುತ್ತದೆ. ಡಿಕ್ಕಿಯ ಜಾಗವೂ ಟ್ಯಾಂಕಿಗೆ ಹೋಗುತ್ತದೆ. ತರಕಾರಿ ಮೂಟೆ ಎಲ್ಲಿಡುವಿರಿ ಎಂಬುದನ್ನು ಮೊದಲೇ ನೋಡಿಕೊಳ್ಳಿರಿ. ಸಿ.ಎನ್.ಜಿ. ಎಂಬುದು ಬೇರೆಯೇ ಅನಿಲ, ಅದರ ಒತ್ತಡ ಬಹಳ ಹೆಚ್ಚು. ಒಂದರ ಕಿಟ್ಟಿಗೆ ಇನ್ನೊಂದನ್ನು ತುಂಬಲಾಗದು. ನಿಮಗೆ ಯಾವ ಬಂಕು ಹತ್ತಿರವೆಂದು ವಿಚಾರಿಸಿಯೇ ಮುಂದುವರಿಯಿರಿ.

ಗ್ಯಾಸಿನ ವಾಸನೆ ಬಂದರೆ ಕೂಡಲೇ ಗಾಡಿ ನಿಲ್ಲಿಸಿ, ಇಂಜಿನು ಆರಿಸಿ, ಎಲ್ಲರನ್ನೂ ಇಳಿಸಿ ದೂರ ಕಳಿಸಬೇಕು. ಬಾಗಿಲುಗಳನ್ನು ತೆರೆದಿಟ್ಟು ಟ್ಯಾಂಕಿನ ಕವಾಟ ಮುಚ್ಚಿರಿ. ಬೆಂಕಿಕಡ್ಡಿ ಗೀರಬಾರದು. ರಾತ್ರಿ ಕಾರನ್ನು ಒಲೆ ಉರಿಯುವ ಕಡೆಯಾಗಲಿ ಗಾಳಿಯಾಡದ ಕೊಟ್ಟಿಗೆಯಲ್ಲಾಗಲಿ ನಿಲ್ಲಿಸುವುದು ಬೇಡ.

ಗ್ಯಾಸು ಹಾಕಿದ ಹಳೆಯ ಕಾರನ್ನೇ ಕೊಳ್ಳುವವರು ಆರ್.ಸಿ.ಯಲ್ಲಿ ಎಲ್.ಪಿ.ಜಿ. ಎಂದು ಬರೆದಿದೆಯೇ ನೋಡಬೇಕು. ಟ್ಯಾಂಕನ್ನು ಐದು ವರ್ಷಕ್ಕೊಮ್ಮೆ ಪರೀಕ್ಷೆ ಮಾಡಿಸಬೇಕಾದ ನಿಯಮವಿದೆ. ಕೊನೆಯ ಪರೀಕ್ಷೆಯ ಪ್ರಮಾಣಪತ್ರವನ್ನು ಮಾರುವವರಿಂದ ಕೇಳಿ ಪಡೆದು, ಆಮೇಲೆ ಮುಂಗಡ ಕೊಡಿರಿ.