ನೋವನ್ನು ಡೀಬಗ್ ಮಾಡಲು ಹೊರಟ ಕುಸ್ತಿಪಟು

ಕಾಲು ಕತ್ತರಿಸಿ ತೆಗೆದಾಗಿದೆ. ಆದ್ರೂ ಆ ಇಲ್ಲದ ಕಾಲಿನ ಹೆಬ್ಬೆರಳು ಉರೀತಿದೆ ಅಂತ ಸೈನಿಕ ಒದ್ದಾಡ್ತಾನೆ. ಸೆನ್ಸರ್ ಕಿತ್ತುಹಾಕಿದ ಮೇಲೂ ರೀಡಿಂಗ್ ಬರ್ತಿದ್ರೆ ನಾವು ಲ್ಯಾಬ್‌ನಲ್ಲಿ ಏನು ಮಾಡ್ತೀವಿ? ತೊಂದರೆ ಬೇರೆಲ್ಲೋ ಇದೆ ಅಂತ ಹುಡುಕ್ತೀವಿ. ಆದರೆ ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಥ ನೋವನ್ನು 'ಬರೀ ಭ್ರಮೆ' ಅಂತ ತಳ್ಳಿಹಾಕೋದು ಸಾಮಾನ್ಯವಾಗಿತ್ತು.

ತಳ್ಳಿಹಾಕದೆ ಹುಡುಕಲು ಹೊರಟವರಲ್ಲಿ ಒಬ್ಬರು ಅಮೆರಿಕದ ಸೇನಾ ವೈದ್ಯ ಜಾನ್ ಬೊನಿಕಾ. 1917ರಲ್ಲಿ ಇಟಲಿಯ ಫಿಲಿಕುಡಿ ಎಂಬ ಪುಟ್ಟ ದ್ವೀಪದಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗಲೇ ಕುಟುಂಬ ನ್ಯೂಯಾರ್ಕ್‌ಗೆ ಬಂತು, ಸ್ವಲ್ಪ ವರ್ಷಕ್ಕೆ ತಂದೆ ತೀರಿಹೋದರು. ಮೆಡಿಕಲ್ ಓದಿನ ಖರ್ಚಿಗೆ ಅವರು ಹಿಡಿದ ದಾರಿ ವೃತ್ತಿಪರ ಕುಸ್ತಿ! ಮುಖವಾಡ ಹಾಕ್ಕೊಂಡು 'ಮಾಸ್ಕ್ಡ್ ಮಾರ್ವೆಲ್' ಅನ್ನೋ ಹೆಸರಲ್ಲೂ ಆಡ್ತಿದ್ರು. (ನಮ್ಮಲ್ಲಿ ಫೀಸಿಗೋಸ್ಕರ ಟ್ಯೂಷನ್ ಹೇಳೋರಿದ್ದಾರೆ. ಕುಸ್ತಿ ಆಡೋರನ್ನ ನಾನಂತೂ ನೋಡಿಲ್ಲ.)

1943ರಲ್ಲಿ ಅವರ ಹೆಂಡತಿಗೆ ಹೆರಿಗೆ. ಈಥರ್ ಕೊಟ್ಟದ್ದು ಅನುಭವ ಇಲ್ಲದ ಒಬ್ಬ ಇಂಟರ್ನ್. ಆಕೆಗೆ ವಾಂತಿಯಾಗಿ ಉಸಿರು ಕಟ್ಟಿತು. ಬೊನಿಕಾ ತಾವೇ ಮುಂದೆ ಬಂದು ಉಳಿಸಿಕೊಂಡರು. ಅರಿವಳಿಕೆಯ ಬಗ್ಗೆ ಅವರಿಗಿದ್ದ ಹಟಕ್ಕೆ ಈ ಘಟನೆಯೂ ಒಂದು ಕಾರಣ.

ಮರುವರ್ಷ, 27ನೇ ವಯಸ್ಸಿಗೆ, ವಾಷಿಂಗ್ಟನ್ ರಾಜ್ಯದ ಮ್ಯಾಡಿಗನ್ ಸೇನಾ ಆಸ್ಪತ್ರೆಯಲ್ಲಿ ಅರಿವಳಿಕೆ ವಿಭಾಗದ ಮುಖ್ಯಸ್ಥರಾದರು. ಅಲ್ಲಿ ವಾರ್ಡ್ ತುಂಬ ಯುದ್ಧದಿಂದ ಬಂದವರು. ಕೆಲವರಿಗೆ ಗುಂಡು ನರಕ್ಕೆ ತಗುಲಿತ್ತು. ಗಾಯ ಮಾಗಿತ್ತು, ಆದರೆ ಬೆಡ್‌ಶೀಟ್ ಸೋಕಿದರೂ ಬೆಂಕಿ ಇಟ್ಟ ಹಾಗೆ ಉರಿ. ಇದಕ್ಕೆ ಕಾಸಾಲ್ಜಿಯಾ ಅಂತ ಹೆಸರು.

ಬೊನಿಕಾ ಬಳಸಿದ ಮುಖ್ಯ ಸಾಧನ ನರ್ವ್ ಬ್ಲಾಕ್. ಹಲ್ಲು ಕೀಳುವಾಗ ಡೆಂಟಿಸ್ಟ್ ಕೊಡೋ ಮರಗಟ್ಟಿಸುವ ಇಂಜೆಕ್ಷನ್ ಇದೆಯಲ್ಲ, ಅದೇ ಜಾತಿಯ ಮದ್ದನ್ನು ಒಂದು ನಿರ್ದಿಷ್ಟ ನರದ ಪಕ್ಕಕ್ಕೆ ಚುಚ್ಚುವುದು. ಆ ನರದ ಸಿಗ್ನಲ್ ಸ್ವಲ್ಪ ಹೊತ್ತು ನಿಲ್ಲುತ್ತದೆ. ನೋವು ಹೋಯಿತಾ? ಹಾಗಾದರೆ ಅದು ಈ ದಾರಿಯಲ್ಲೇ ಬರ್ತಿದೆ. ಹೋಗಲಿಲ್ವಾ? ಮುಂದಿನ ದಾರಿ ನೋಡು. ಬ್ರೆಡ್‌ಬೋರ್ಡ್‌ನಲ್ಲಿ ಒಂದೊಂದೇ ವೈರ್ ತೆಗೆದು ಚೆಕ್ ಮಾಡೋ ಹಾಗೇ. ಅಂದ್ರೆ ಒಂದೇ ಸೂಜಿ ಚಿಕಿತ್ಸೆಯೂ ಹೌದು, ಪರೀಕ್ಷೆಯೂ ಹೌದು. ಕಾಸಾಲ್ಜಿಯಾದಲ್ಲಿ ಎಷ್ಟೋ ಸಲ ಬೆವರು, ರಕ್ತನಾಳಗಳನ್ನು ನೋಡಿಕೊಳ್ಳುವ ಸಿಂಪಥೆಟಿಕ್ ನರಗಳನ್ನು ತಡೆದರೆ ಉರಿ ಇಳಿಯುತ್ತಿತ್ತು. ಕೆಲವರಿಗೆ ಮದ್ದಿನ ಪ್ರಭಾವ ಮುಗಿದ ಮೇಲೂ ಆರಾಮ ಉಳಿಯುತ್ತಿತ್ತು.

ಎಲ್ಲರಿಗೂ ಅಲ್ಲ. ನನಗೆ ಬೊನಿಕಾ ಇಷ್ಟ ಆಗೋದು ಇಲ್ಲಿಂದ ಮುಂದೆ. ತನ್ನ ಸೂಜಿಗೆ ಬಗ್ಗದ ಕೇಸ್‌ಗಳನ್ನು ಅವರು ಮುಚ್ಚಿಡಲಿಲ್ಲ. ನರತಜ್ಞರು, ಮೂಳೆ ಡಾಕ್ಟರು, ಮನೋವೈದ್ಯರನ್ನು ಊಟದ ಹೊತ್ತಿಗೆ ಒಂದೇ ಟೇಬಲ್‌ಗೆ ಕೂರಿಸಿ ಚರ್ಚೆ ಶುರು ಮಾಡಿದರು. ಒಬ್ಬೊಬ್ಬರು ಒಂದೊಂದು ಚೀಟಿ ಬರೆದು ರೋಗಿಯನ್ನು ಅಲೆಸುವ ಬದಲು, ಎಲ್ಲರೂ ಒಟ್ಟಿಗೆ ಒಬ್ಬನ ನೋವನ್ನು ನೋಡುವುದು. ಇವತ್ತಿನ ಪೇನ್ ಕ್ಲಿನಿಕ್‌ಗಳು ಈ ಐಡಿಯಾದಿಂದಲೇ ಬೆಳೆದವು.

ಯುದ್ಧ ಮುಗಿದ ಮೇಲೆ ಟಕೋಮಾದ ಆಸ್ಪತ್ರೆಯಲ್ಲಿ ಅದೇ ಕೆಲಸ ಮುಂದುವರಿಸಿದರು. 1953ರಲ್ಲಿ 'ದ ಮ್ಯಾನೇಜ್‌ಮೆಂಟ್ ಆಫ್ ಪೇನ್' ಪುಸ್ತಕ ಬಂತು, ಸುಮಾರು 1500 ಪುಟ. 1973ರಲ್ಲಿ ಅವರು ಕರೆದ ಸಭೆಯಿಂದ ನೋವಿನ ಅಧ್ಯಯನದ ಅಂತರರಾಷ್ಟ್ರೀಯ ಸಂಘ, ಅಂದ್ರೆ ಐಎಎಸ್‌ಪಿ ಹುಟ್ಟಿತು. ಈ ಸಂಘ 2020ರಲ್ಲಿ ನೋವಿನ ವ್ಯಾಖ್ಯೆಯನ್ನು ತಿದ್ದಿದಾಗ ಜೊತೆಗೊಂದು ಟಿಪ್ಪಣಿ ಸೇರಿಸಿತು: ಒಬ್ಬ ವ್ಯಕ್ತಿ ನೋವಿದೆ ಅಂದರೆ ಆ ಮಾತನ್ನು ಗೌರವಿಸಬೇಕು.

ಬೊನಿಕಾಗೆ ಇದು ಬರೀ ಓದಿನ ವಿಷಯ ಆಗಿರಲಿಲ್ಲ. ಅಖಾಡದ ಪೆಟ್ಟುಗಳಿಂದ ಅವರ ಭುಜ, ಸೊಂಟ ಹಾಳಾಗಿ ಮತ್ತೆ ಮತ್ತೆ ಆಪರೇಷನ್ ಆದವು. 1994ರಲ್ಲಿ ತೀರಿಕೊಳ್ಳುವ ತನಕ ನೋವು ಜೊತೆಗೇ ಇತ್ತು.