ಸೀರೆ ಉಟ್ಟ ಗಂಡಸು: ನಗು ಯಾರ ಮೇಲೆ?

ಗಂಡಸು ಸೀರೆ ಉಟ್ಟು ರಂಗದ ಮೇಲೆ ಬಂದರೆ ಸಾಕು, ಅವನು ಬಾಯಿ ಬಿಡುವ ಮೊದಲೇ ಜನ ನಗುತ್ತಾರೆ. ಈ ನಗು ಹೆಣ್ಣಿಗೆ ಮಾಡುವ ಅವಮಾನವೋ ಅಥವಾ ಬರೀ ತಮಾಷೆಯೋ ಎಂಬ ಜಗಳ ಹಳೆಯದೇ. ಕಿರುತೆರೆಯ ಹಾಸ್ಯ ಕಾರ್ಯಕ್ರಮಗಳು ಬಂದ ಮೇಲೆ ಅದು ಮನೆಮನೆಯ ಜಗಳವಾಗಿದೆ. 2016ರಲ್ಲಿ ಆರಂಭವಾದ ‘ಕಾಮಿಡಿ ಕಿಲಾಡಿಗಳು’ ನಮ್ಮ ಸೀಮೆಯವರೇ ಆದ ಶಿವರಾಜ್ ಕೆ.ಆರ್. ಪೇಟೆಯವರಂಥ ಒಳ್ಳೆಯ ನಟರನ್ನು ನಾಡಿಗೆ ಪರಿಚಯಿಸಿತು, ನಿಜ. ಆದರೆ ಎದೆಗೆ ಬಟ್ಟೆ ತುರುಕಿಕೊಂಡು, ಕೀರಲು ದನಿಯಲ್ಲಿ ಕಿರಿಚುವ ಅತ್ತೆ, ಸೊಸೆ, ಪಕ್ಕದ ಮನೆ ಆಂಟಿಯರನ್ನೂ ಇಂಥ ಕಾರ್ಯಕ್ರಮಗಳು ಧಾರಾಳವಾಗಿ ಕೊಟ್ಟಿವೆ.

ಪಾಲಹಳ್ಳಿಯ ಕಡೆ ಈ ಮಾತು ಬಂದಾಗ ಹಿರಿಯರು ಥಟ್ಟನೆ ಹೇಳುವುದು ಒಂದೇ: ‘ನಮ್ಮ ಕಾಲದಲ್ಲಿ ದ್ರೌಪದಿ ಪಾರ್ಟನ್ನು ಗಂಡಸರೇ ಕಟ್ಟುತ್ತಿರಲಿಲ್ಲವೇ?’ ಕಟ್ಟುತ್ತಿದ್ದರು. ನಾಗಮಂಗಲ ತಾಲ್ಲೂಕಿನ ಅಂಬಲಜೀರಹಳ್ಳಿಯ ಜೀ.ಶಂ. ಪರಮಶಿವಯ್ಯನವರು ಜೀವಮಾನವಿಡೀ ಬೆನ್ನುಹತ್ತಿದ ಜನಪದ ಕಲೆಗಳಲ್ಲಿ ಮೂಡಲಪಾಯ ಯಕ್ಷಗಾನವೂ ಒಂದು. ಅದರಲ್ಲಿ ಹೆಣ್ಣು ಪಾತ್ರಗಳನ್ನೆಲ್ಲ ಮಾಡುತ್ತಿದ್ದವರು ಗಂಡಸರು. ನಮ್ಮ ಹಳ್ಳಿಗಳ ‘ಕುರುಕ್ಷೇತ್ರ’ ನಾಟಕಕ್ಕೆ ಪಟ್ಟಣದಿಂದ ನಟಿಯರನ್ನು ಗೊತ್ತುಮಾಡಿ ಕರೆಸುವ ರೂಢಿ ಆಮೇಲೆ ಬಂದದ್ದು. ಬೇರೆ ದೇಶಗಳ ಕಥೆಯೂ ಇದೇ. ಇಂಗ್ಲೆಂಡಿನಲ್ಲಿ 1660ರವರೆಗೆ ಷೇಕ್ಸ್‌ಪಿಯರನ ನಾಯಕಿಯರಾಗಿದ್ದವರು ಹುಡುಗರು. ಜಪಾನಿನ ಕಬುಕಿ ರಂಗದಿಂದ 1629ರಲ್ಲಿ ಹೆಂಗಸರನ್ನು ಸರ್ಕಾರವೇ ಹೊರಗಟ್ಟಿತು.

ಆದರೆ ಆ ದ್ರೌಪದಿಯನ್ನು ಕಂಡು ಯಾರೂ ನಗುತ್ತಿರಲಿಲ್ಲವಲ್ಲ! ಕರಾವಳಿಯ ಯಕ್ಷಗಾನದಲ್ಲಿ ಕೋಳ್ಯೂರು ರಾಮಚಂದ್ರ ರಾಯರ, ಮಂಟಪ ಪ್ರಭಾಕರ ಉಪಾಧ್ಯರ ಸ್ತ್ರೀವೇಷಗಳಿಗೆ ಸಿಕ್ಕಿದ್ದು ಗೌರವ. ಮರಾಠಿ ರಂಗಭೂಮಿಯ ಬಾಲಗಂಧರ್ವರು ಸೀರೆ ಉಡುತ್ತಿದ್ದ ರೀತಿಯನ್ನು ಮನೆತನಸ್ಥ ಹೆಂಗಸರೇ ಅನುಕರಿಸುತ್ತಿದ್ದರು. ಅಂದಮೇಲೆ ಗಂಡಸು ಸೀರೆ ಉಟ್ಟದ್ದೇ ಅವಮಾನ ಎನ್ನುವ ವಾದ ನಿಲ್ಲುವುದಿಲ್ಲ. ‘ಹಿಂದಿನಿಂದಲೂ ಇತ್ತು’ ಎಂಬ ವಾದವೂ ನಿಲ್ಲುವುದಿಲ್ಲ, ಏಕೆಂದರೆ ಹಿಂದೆ ಇದ್ದದ್ದು ಬೇರೆಯದೇ.

ಹಾಗಾದರೆ ಹಾಸ್ಯಕ್ಕಾಗಿ ತೊಟ್ಟ ಹೆಣ್ಣುವೇಷ? ಅದೂ ನಮ್ಮಲ್ಲಿ ಉಂಟು, ಪುರಾಣಗಳಲ್ಲೇ ಉಂಟು. ವಿಷ್ಣು ಮೋಹಿನಿಯಾದಾಗ ನಗೆಪಾಟಲಾದವನು ಭಸ್ಮಾಸುರ. ಹೆಣ್ಣಿನ ಹೆಜ್ಜೆಗೆ ಹೆಜ್ಜೆ ಹಾಕಲು ಹೋಗಿ ತನ್ನ ತಲೆಯ ಮೇಲೆ ತಾನೇ ಕೈಯಿಟ್ಟು ಬೂದಿಯಾದ. ಬಯಲಾಟದಲ್ಲಿ ಭೀಮ ಸೀರೆಯುಟ್ಟು, ಮುಸುಕೆಳೆದು ಕೂತಿರುತ್ತಾನೆ. ಕೀಚಕ ಅತ್ತರು ಪೂಸಿಕೊಂಡು ಬಂದು ಮುದ್ದುಮಾತು ಆರಂಭಿಸುತ್ತಾನೆ. ಜನ ಬಿದ್ದು ಬಿದ್ದು ನಗುತ್ತಾರೆ, ಆ ನಗು ಕೀಚಕನ ಕಾಮದ ಮೇಲೆ. ಇನ್ನು ಬೃಹನ್ನಳೆ. ವಿರಾಟನ ಮನೆಯಲ್ಲಿ ಅವಳು ನಾಟ್ಯ ಕಲಿಸುವ ಗುರು. ಹೆಂಗಸರ ಮುಂದೆ ಪೌರುಷ ಕೊಚ್ಚಿ, ಕೌರವ ಸೇನೆ ಕಂಡೊಡನೆ ರಥದಿಂದ ಹಾರಿ ಓಡುವ ಉತ್ತರಕುಮಾರನೇ ಅಲ್ಲಿ ಹಾಸ್ಯದ ಪಾತ್ರ. ಕುಂತಿಬೆಟ್ಟದ ನೆರಳಿನ ಪಾಂಡವಪುರದವರಿಗೆ ಇದನ್ನು ನಾನು ಹೇಳಿಕೊಡಬೇಕಾಗಿಲ್ಲ. ಮೂರು ಕಡೆಯೂ ಗಂಡಸು ಹೆಣ್ಣಾಗಿದ್ದಾನೆ, ಮೂರು ಕಡೆಯೂ ನಗುವಿನ ಏಟು ಬಿದ್ದದ್ದು ಗಂಡಸಿನ ಬೆನ್ನಿಗೆ.

ಇಂದಿನ ಎಷ್ಟೋ ಪ್ರಹಸನಗಳಲ್ಲಿ ಕೀಚಕ ಕಾಣೆಯಾಗಿದ್ದಾನೆ, ಉಳಿದಿರುವುದು ಬರೀ ಸೀರೆ. ಅದೇ ಮಾತುಗಳನ್ನು ಒಬ್ಬ ನಟಿ ಆಡಿದರೆ ನಗು ಬರುತ್ತದೆಯೇ ಎಂದು ಕೇಳಿಕೊಂಡು ನೋಡಿ. ಬಾರದಿದ್ದರೆ, ಜನ ನಕ್ಕದ್ದು ಮಾತಿಗಲ್ಲ, ಹೆಣ್ಣಿನ ಮೈಕಟ್ಟಿಗೆ ಮತ್ತು ದನಿಗೆ.

ಇದಕ್ಕೆ ತಿರುವುಮುರುವಾದ ಒಂದು ಉದಾಹರಣೆ ಉಂಟು. ಮೈಸೂರಿನಲ್ಲಿ ಹುಟ್ಟಿದ ಆರ್. ನಾಗರತ್ನಮ್ಮನವರು 1958ರಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿ, ತಾವೇ ಕಂಸ, ರಾವಣ, ದುರ್ಯೋಧನರ ಪಾತ್ರ ಮಾಡಿದರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಮೀಸೆ ಅಂಟಿಸಿ, ಗದೆ ಹೊತ್ತು ಬಂದ ಆ ಹೆಂಗಸನ್ನು ಕಂಡು ಜನ ನಗಲಿಲ್ಲ, ಭಲೇ ಎಂದರು. ಹೆಣ್ಣು ಗಂಡಾದರೆ ಮೇಲೇರಿದಂತೆ, ಗಂಡು ಹೆಣ್ಣಾದರೆ ಕೆಳಗಿಳಿದಂತೆ ಎಂಬ ಲೆಕ್ಕ ನಮ್ಮೊಳಗೆ ಎಲ್ಲೋ ಕೂತಿದೆ. ಆ ಲೆಕ್ಕ ಇರುವವರೆಗೆ ‘ಬರೀ ತಮಾಷೆ’ ಎನ್ನುವುದು ಅಷ್ಟು ಸಲೀಸಲ್ಲ.

ಇದರ ಬಿಸಿ ತಟ್ಟುವುದು ಮಕ್ಕಳಿಗೆ. ಗಂಡುಮಕ್ಕಳಲ್ಲಿ ಹದಿಮೂರು ಹದಿನಾಲ್ಕರ ಆಸುಪಾಸಿನಲ್ಲಿ ಧ್ವನಿತಂತುಗಳು ಉದ್ದವಾಗಿ, ದಪ್ಪವಾಗಿ, ದನಿ ಸುಮಾರು ಒಂದು ಸ್ಥಾಯಿ ಕೆಳಗಿಳಿಯುತ್ತದೆ. ವಯಸ್ಕ ಗಂಡಸಿನ ಮಾತಿನ ಆವರ್ತನ ಸೆಕೆಂಡಿಗೆ ಸುಮಾರು 120 ಕಂಪನಗಳಾದರೆ ಹೆಂಗಸಿನದು ಸುಮಾರು 200. ಹಾಸ್ಯನಟರ ಕೀರಲು ದನಿ ಈ 200ನ್ನೂ ಮೀರಿ ಹೋಗುತ್ತದೆ. ಅದು ಯಾವ ಹೆಣ್ಣಿನ ದನಿಯೂ ಅಲ್ಲ, ಹೆಣ್ಣಿನ ದನಿಯ ವ್ಯಂಗ್ಯಚಿತ್ರ ಎನ್ನಬಹುದು. ಶಾಲಾ ವಾರ್ಷಿಕೋತ್ಸವ ಬಂತೆಂದರೆ ಇನ್ನೂ ದನಿ ಒಡೆಯದ ಹುಡುಗನನ್ನೇ ಹುಡುಕಿ ಲಂಗದಾವಣಿ ತೊಡಿಸುತ್ತಾರೆ. ಚಪ್ಪಾಳೆ ಒಂದು ರಾತ್ರಿಯದು. ಮಾರನೆಯ ದಿನದಿಂದ ಆ ಹುಡುಗನಿಗೆ ಅಡ್ಡಹೆಸರು ಅಂಟಿಕೊಳ್ಳುತ್ತದೆ, ಬಹಳ ವರ್ಷ ಬಿಡುವುದಿಲ್ಲ. ತರಗತಿಯಲ್ಲಿ ಗಟ್ಟಿಯಾಗಿ ಉತ್ತರ ಹೇಳುವ ಹುಡುಗಿಗೂ ಹಿಂದಿನ ಬೆಂಚಿನಿಂದ ಅದೇ ಕೀರಲು ದನಿಯ ಅಣಕ. ಅವಳು ಮುಂದಿನ ಸಲ ಕೈಯೆತ್ತುವ ಮೊದಲು ಯೋಚಿಸುತ್ತಾಳೆ. ಇಂಥದ್ದನ್ನು ನಾನು ಹಲವು ಸಲ ಕಂಡಿದ್ದೇನೆ.

ವೇಷವಾಗಿ ಅಲ್ಲ, ಬದುಕಾಗಿ ಸೀರೆ ಉಟ್ಟವರ ಪಾಡೂ ಇದೇ ನಗುವಿನೊಳಗೆ ಸೇರಿಕೊಂಡಿದೆ. ಜೋಗತಿ ಕುಣಿತದ ಮಂಜಮ್ಮ ಜೋಗತಿಯವರು 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಅವರಿಗೆ ಕೈ ಮುಗಿಯುವ ನಾವೇ ಅವರಂಥವರ ನಡಿಗೆಯನ್ನು ಅಣಕಿಸುವ ಪ್ರಹಸನಕ್ಕೂ ಚಪ್ಪಾಳೆ ತಟ್ಟುತ್ತೇವೆ.

ಹಾಗೆಂದು ಹಾಸ್ಯನಟರನ್ನೇ ಬೈದು ಪ್ರಯೋಜನವಿಲ್ಲ. ಅವರಲ್ಲಿ ಹಳ್ಳಿಯಿಂದ ಬಂದ ಬಡವರೇ ಹೆಚ್ಚು. ವಾರಕ್ಕೊಂದು ಹೊಸ ಪ್ರಹಸನ ಹೊಸೆಯುವ ಅವಸರದಲ್ಲಿ ಸೀರೆಯಷ್ಟು ಸುಲಭದ ಸರಕು ಬೇರೊಂದಿಲ್ಲ. ನಟಿಯರು ಸಿಗುವುದಿಲ್ಲ ಎಂಬ ಸಬೂಬು ಮಾತ್ರ ಈಗ ಸಲ್ಲದು. ಅದೇ ‘ಕಾಮಿಡಿ ಕಿಲಾಡಿಗಳು’ ವೇದಿಕೆಯಿಂದ ಬಂದ ನಯನಾ ಅವರು ಯಾರ ಅಣಕವೂ ಆಗದೆ, ಹೆಣ್ಣಾಗಿಯೇ ಜೋರು ಮಾತಾಡಿ ನಗಿಸಿದರು. ನಮ್ಮ ಮನೆಯ ಹೆಂಗಸರು ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಕೂತು ನೋಡುತ್ತಿದ್ದುದು ಅವರ ಪ್ರಹಸನಗಳನ್ನೇ.